ಬಲೂನ್ ಪೆಟ್ಟಿಗೆ: ಆಕಾಶದಿಂದ ಬಿದ್ದರೂ ಒಡೆಯದ್ದು ನೆಲದ ಮೇಲೆ ಒಡೆಯದಿರಲಿ!

ಹೈದರಾಬಾದ್: ಬೀದರ್ ಜಿಲ್ಲೆ ಹುಮನಾಬಾದ್ ತಾಲ್ಲೂಕಿನ ಜಲಸಂಗಿ ಗ್ರಾಮದಲ್ಲಿ 2025ರ ಜನವರಿಯಲ್ಲಿ ಬೃಹತ್ ಬಲೂನ್‌ವೊಂದು ಉಪಕರಣದ ಸಮೇತ ಬಿದ್ದಾಗ ಜನ ಗಾಬರಿಯಾಗಿದ್ದರು. ಅದು ಹೈದರಾಬಾದ್‌ನ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯ (ಟಿಐಎಫ್‌ಆರ್) ಬಲೂನ್ ಕೇಂದ್ರದಿಂದ ಹಾರಿಬಿಟ್ಟಿದ್ದು ಎಂಬುದು ಬಳಿಕ ತಿಳಿಯಿತು. 2022ರ ಡಿಸೆಂಬರ್‌ನಲ್ಲಿ ತೆಲಂಗಾಣದ ವಿಕಾರಾಬಾದ್ ಜಿಲ್ಲೆಯ ಹೊಲವೊಂದಕ್ಕೆ ಇಳಿದ ಕ್ಯಾಪ್ಸೂಲ್ ಕೂಡ ಇಲ್ಲಿಂದಲೇ ಹೊರಟಿತ್ತು.

ಈ ಬಲೂನ್‌ಗಳು 30 ಕಿ.ಮೀ.ಗೂ ಹೆಚ್ಚು ಎತ್ತರಕ್ಕೆ ಏರುತ್ತವೆ. ಅಷ್ಟು ಮೇಲಿಂದ ಬಿದ್ದರೂ ಸೂಕ್ಷ್ಮ ಉಪಕರಣ ಪುಡಿಯಾಗುವುದಿಲ್ಲವೇಕೆ?

ಎತ್ತರವಲ್ಲ, ವೇಗ ಮುಖ್ಯ

ಪ್ರಯೋಗ ಮುಗಿದ ಮೇಲೆ ಕೆಳಗಿನಿಂದ ಸಂಕೇತ ಕಳುಹಿಸಿ ಪೆಟ್ಟಿಗೆಯನ್ನು ಬಲೂನ್‌ನಿಂದ ಬೇರ್ಪಡಿಸಲಾಗುತ್ತದೆ. ಪ್ಯಾರಾಚೂಟ್ ಬಿಚ್ಚಿಕೊಂಡ ಮೇಲೆ ಗಾಳಿಯ ತಡೆಯೂ ಪೆಟ್ಟಿಗೆಯ ಭಾರವೂ ಸಮವಾಗಿ, ವೇಗ ಏರುವುದು ನಿಲ್ಲುತ್ತದೆ. ಹಾಗಾಗಿ 30 ಕಿ.ಮೀ.ನಿಂದ ಇಳಿದರೂ 3 ಕಿ.ಮೀ.ನಿಂದ ಇಳಿದರೂ ನೆಲ ಮುಟ್ಟುವ ವೇಗ ಹೆಚ್ಚುಕಡಿಮೆ ಒಂದೇ. ಅದು ಸೆಕೆಂಡಿಗೆ 6 ಮೀಟರ್ ಎಂದುಕೊಳ್ಳಿ. ಆಳೆತ್ತರದಿಂದ ಬಿದ್ದ ವಸ್ತುವಿನ ವೇಗವೂ ಅಷ್ಟೇ.

ಉಳಿದ ಪೆಟ್ಟು ತಡೆಯಲು ಪೆಟ್ಟಿಗೆಯ ಅಡಿಯಲ್ಲಿ ಜೇನುಗೂಡಿನಾಕಾರದ ರಟ್ಟಿನಂಥ ಪ್ಯಾಡ್ ಅಳವಡಿಸುವುದು ಇಂಥ ಬಲೂನ್‌ಗಳಲ್ಲಿ ರೂಢಿ. ಕಲ್ಲಿನ ಮೇಲೆ ಬಿದ್ದ ಮಡಕೆ ಒಡೆಯುತ್ತದೆ, ಬಣವೆ ಮೇಲೆ ಬಿದ್ದದ್ದು ಉಳಿಯುತ್ತದೆ. ಲೆಕ್ಕ ಸರಳ: 6 ಮೀಟರ್ ವೇಗದ ಪೆಟ್ಟಿಗೆ 1 ಸೆಂ.ಮೀ. ಅಂತರದಲ್ಲಿ ನಿಂತರೆ ಗುರುತ್ವದ ಸುಮಾರು 180 ಪಟ್ಟು ಆಘಾತ. ಪ್ಯಾಡ್ 20 ಸೆಂ.ಮೀ. ಕುಸಿದರೆ 9 ಪಟ್ಟು ಮಾತ್ರ. ಪ್ಯಾಡ್ ನಜ್ಜುಗುಜ್ಜಾಗಬೇಕು, ಸ್ಪ್ರಿಂಗ್‌ನಂತೆ ಪುಟಿಯಬಾರದು. ಪುಟಿದರೆ ಪೆಟ್ಟಿಗೆಗೆ ಮತ್ತೊಂದು ಪೆಟ್ಟು.

ಇಳಿದ ಮೇಲಿನ ಅಪಾಯ

ಇಷ್ಟೆಲ್ಲ ಜಾಗ್ರತೆಯಿಂದ ಇಳಿದ ಪೆಟ್ಟಿಗೆಯನ್ನು ಕುತೂಹಲಕ್ಕೆ ಯಾರಾದರೂ ಬಿಚ್ಚಿದರೆ ವರ್ಷಗಳ ಶ್ರಮದ ದತ್ತಾಂಶವೇ ನಷ್ಟವಾದೀತು. ಕೆಲವು ಉಪಕರಣಗಳಲ್ಲಿ ಹೆಚ್ಚಿನ ವೋಲ್ಟೇಜ್ ಇರಬಹುದಾದ್ದರಿಂದ ಮುಟ್ಟಿದವರ ಜೀವಕ್ಕೂ ಅಪಾಯ.

ಬಲೂನ್ ಹಾರಿಸುವ ಮುನ್ನ ಸಂಸ್ಥೆ ಈ ಬಗ್ಗೆ ಪ್ರಕಟಣೆ ಹೊರಡಿಸುತ್ತದೆ. ಆದರೆ ಗಾಳಿ ಬೀಸಿದತ್ತ ಸಾಗುವ ಬಲೂನ್‌ಗೆ ರಾಜ್ಯದ ಗಡಿ ಗೊತ್ತಿಲ್ಲ, ಪ್ರಕಟಣೆ ಓದದವರ ಹೊಲದಲ್ಲೂ ಅದು ಇಳಿದೀತು. ಗಡಿ ಜಿಲ್ಲೆಗಳ ಗ್ರಾಮ ಪಂಚಾಯಿತಿಗಳು ಡಂಗುರ ಸಾರಿಯೋ, ವಾಟ್ಸ್ಆ್ಯಪ್ ಗುಂಪುಗಳಲ್ಲೋ ಕನ್ನಡದಲ್ಲೇ ಈ ಮಾಹಿತಿ ಮುಟ್ಟಿಸಬೇಕು: ಪೆಟ್ಟಿಗೆ ಕಂಡರೆ ದೂರ ನಿಲ್ಲಿ, ಅದರ ಮೇಲಿರುವ ಸಂಖ್ಯೆಗೆ ಅಥವಾ ಪೊಲೀಸರಿಗೆ ಕರೆ ಮಾಡಿ.