ತಾಯಿಯ ಹಾಲಿಗೂ ವಿಮೆ ಬೇಕು

ಗವಿಪುರಂ ಗುಟ್ಟಹಳ್ಳಿಯ ಗಲ್ಲಿಗಳಲ್ಲಿ ಬೆಳಗಿನ ಹೊತ್ತು ನಿಂತು ನೋಡಿ. ಬುತ್ತಿ ಹಿಡಿದು ಗಾರ್ಮೆಂಟ್ಸ್ ಕಾರ್ಖಾನೆಗೆ ಓಡುವ ಹೆಂಗಸರಲ್ಲಿ ಬಾಣಂತನ ಮುಗಿಸಿ ಬಂದ ತಾಯಂದಿರೂ ಇರುತ್ತಾರೆ. ಕೂಸು ಅಜ್ಜಿಯ ತೊಡೆಯ ಮೇಲೆ, ಹಾಲು ತಾಯಿಯ ಎದೆಯಲ್ಲಿ, ನಡುವೆ ದಿನವಿಡೀ ದುಡಿಮೆ. ಹಾಲು ತೆಗೆಯದಿದ್ದರೆ ಎದೆ ಕಟ್ಟಿ ನೋಯುತ್ತದೆ, ಜ್ವರವೂ ಬರಬಹುದು. ಬರುಬರುತ್ತಾ ಹಾಲೇ ಇಂಗುತ್ತದೆ. ಆಮೇಲೆ ಡಬ್ಬಿಯ ಹಾಲಿನ ಪುಡಿ, ಅದಕ್ಕೊಂದು ಸಾಲ.

ಇದಕ್ಕೆ ಉಪಾಯವಿಲ್ಲದಿಲ್ಲ. ಎದೆಹಾಲು ತೆಗೆಯುವ ವಿದ್ಯುತ್ ಪಂಪು ಇದೆ. ತೆಗೆದ ಹಾಲು ತಂಪಾದ ಕೋಣೆಯಲ್ಲಿ 4 ಗಂಟೆ, ಫ್ರಿಜ್ಜಿನಲ್ಲಿ 4 ದಿನ ಕೆಡದೆ ಉಳಿಯುತ್ತದೆ. ಆದರೆ ಒಳ್ಳೆಯ ಪಂಪಿನ ಬೆಲೆ ಕೆಲವು ಸಾವಿರ ರೂಪಾಯಿ.

ಹಣ ಎಲ್ಲಿಂದ ಎನ್ನುವವರಿಗೆ ನಾವು ಲೆಕ್ಕ ತೋರಿಸುತ್ತೇವೆ. ಸಂಬಳ 14,000 ಎಂದಿಟ್ಟುಕೊಳ್ಳಿ. ಇ.ಎಸ್.ಐ.ಗೆ ಕಾರ್ಮಿಕಳಿಂದ ನೂರಕ್ಕೆ ಮುಕ್ಕಾಲು, ಅಂದರೆ 105 ರೂಪಾಯಿ; ಮಾಲೀಕನಿಂದ ನೂರಕ್ಕೆ ಮೂರೂಕಾಲು, ಅಂದರೆ 455. ವರ್ಷಕ್ಕೆ 6,720 ರೂಪಾಯಿ! 1948ರ ಕಾಯಿದೆಯಿಂದ ಹುಟ್ಟಿದ ಈ ವಿಮೆ ಕೃತಕ ಕಾಲು ಕೊಡುತ್ತದೆ, ಶ್ರವಣಯಂತ್ರ ಕೊಡುತ್ತದೆ. ಹಾಲಿನ ಪಂಪು ಅದೇ ಸಾಲಿಗೆ ಸೇರಬಾರದೇಕೆ?

26 ವಾರ ರಜೆ ಇದೆಯಲ್ಲ ಎಂದು ಕೆಲವರು ಹೇಳಬಹುದು. 2017ರಲ್ಲಿ ಬಂದ ಆ ಸೌಲಭ್ಯವನ್ನು ನಾವು ಮೆಚ್ಚುತ್ತೇವೆ. ಆದರೆ ಹೆರಿಗೆಗೆ ಮುಂಚೆ 8 ವಾರ ಕಳೆದರೆ ಕೂಸಿಗೆ ಉಳಿಯುವುದು 18 ವಾರ. ಆರು ತಿಂಗಳು ಎದೆಹಾಲೇ ಸಾಕು, ಎರಡು ವರ್ಷದವರೆಗೂ ಅದನ್ನು ನಿಲ್ಲಿಸಬೇಡಿ ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ.

ಅಮೆರಿಕವನ್ನು ನೋಡಿ. ದೇಶಕ್ಕೆಲ್ಲ ಅನ್ವಯಿಸುವ ಸಂಬಳಸಹಿತ ಹೆರಿಗೆ ರಜೆಯನ್ನೇ ಕೊಡದ ಆ ಬಂಡವಾಳಶಾಹಿ ದೇಶದಲ್ಲೂ, 2010ರ ಕಾಯಿದೆಯ ಪ್ರಕಾರ ವಿಮಾ ಕಂಪನಿಗಳು ಪಂಪಿನ ಖರ್ಚು ಹೊರಬೇಕು. ಅಲ್ಲಿಂದ ಪಾಠವೂ ಇದೆ, ಎಚ್ಚರಿಕೆಯೂ ಇದೆ: ಯಂತ್ರ ರಜೆಗೆ ಬದಲಿಯಾಗಕೂಡದು.

ಬರೀ ಯಂತ್ರ ಸಾಲದು. ಕೂಸಿಗೆ 15 ತಿಂಗಳಾಗುವವರೆಗೆ ದಿನಕ್ಕೆ ಎರಡು ಬಿಡುವು ಕೊಡಬೇಕೆಂದು 1961ರ ಕಾಯಿದೆ ಹೇಳಿತು. 2020ರ ಸಾಮಾಜಿಕ ಭದ್ರತಾ ಸಂಹಿತೆಯೂ ಅದನ್ನು ಉಳಿಸಿಕೊಂಡಿದೆ. ಆ ಬಿಡುವು ಕಾಗದದಿಂದಿಳಿದು ಕಾರ್ಖಾನೆಗೆ ಬರಲಿ. ಬಾಗಿಲು ಹಾಕಿಕೊಳ್ಳಬಹುದಾದ ಒಂದು ಕೋಣೆ, ಒಂದು ಫ್ರಿಜ್ಜು ಇರಲಿ.

ಸಣ್ಣ ವ್ಯಾಪಾರಿ ಬಂಧುಗಳೇ, ಇದು ನಿಮ್ಮ ಮನೆಯ ಮಾತೂ ಹೌದು. ಹತ್ತು ಜನ ನೌಕರರಿಲ್ಲದ ಅಂಗಡಿಗೆ ಸಾಮಾನ್ಯವಾಗಿ ಇ.ಎಸ್.ಐ. ಇಲ್ಲ, ಹೂವು ಮಾರುವವಳಿಗೂ ಅದಿಲ್ಲ. ಗವಿಪುರಂಗೆ ಹತ್ತಿರದ ವಾಣಿವಿಲಾಸ ಆಸ್ಪತ್ರೆಯಲ್ಲಿ 2022ರಲ್ಲಿ ಸರ್ಕಾರವೇ ತಾಯಿಹಾಲಿನ ಬ್ಯಾಂಕು ತೆರೆಯಿತು. ಆ ಹಾಲಿನ ಬೆಲೆ ಬಲ್ಲ ಸರ್ಕಾರ, ಸರ್ಕಾರಿ ಆಸ್ಪತ್ರೆಗಳಿಂದ ಪಂಪುಗಳನ್ನು ಎರವಲು ಕೊಡಲಿ.

ನಾವು ಕೇಳುವುದು ಭಿಕ್ಷೆಯಲ್ಲ, ನಮ್ಮದೇ ದುಡ್ಡಿನ ಲೆಕ್ಕ. ಪ್ರತಿಯೊಂದು ಸಂಘದ ಸಭೆಯಲ್ಲೂ ಈ ಬೇಡಿಕೆ ನಿರ್ಣಯವಾಗಲಿ. ಕೂಸಿನ ಬಾಯಿಗೆ ಸೇರಬೇಕಾದ ಹಾಲು ಕಾರ್ಖಾನೆಯ ಬಚ್ಚಲಿಗೆ ಹರಿಯಬಾರದು.