ಯಂತ್ರ ಉಳಿಯಿತು, ಹೆಣ್ಣಾಳಿಗೆ ಸಿಕ್ಕಿದ್ದೇನು?

1939ರಲ್ಲಿ ಎರಡನೆಯ ಮಹಾಯುದ್ಧ ಆರಂಭವಾದಾಗ ಬ್ರಿಟನ್ ತನ್ನ ಆಹಾರದ ಹೆಚ್ಚಿನ ಪಾಲನ್ನು ಹಡಗುಗಳಲ್ಲಿ ತರಿಸಿ ಉಣ್ಣುತ್ತಿದ್ದ ದೇಶ. ಹೊರಗಿನಿಂದ ಅಗ್ಗದ ಧಾನ್ಯ ಬಂದು ಬೀಳುತ್ತಿದ್ದುದರಿಂದ ಅಲ್ಲಿನ ಎಷ್ಟೋ ಹೊಲಗಳು ಹುಲ್ಲುಗಾವಲಾಗಿದ್ದುವು. ಜರ್ಮನರು ಹಡಗುಗಳನ್ನು ಮುಳುಗಿಸತೊಡಗಿದ ಮೇಲೆ ಆ ಹುಲ್ಲುಗಾವಲನ್ನು ಉಳದೆ ಗತಿಯಿರಲಿಲ್ಲ. ಉಳುವವರು ಯಾರು? ಎಷ್ಟೋ ಮಂದಿ ಗಂಡಾಳುಗಳು ಸೈನ್ಯಕ್ಕೂ ಕಾರ್ಖಾನೆಗೂ ಹೊರಟುಹೋಗಿದ್ದರು.

ಮೊದಲು ಟ್ರಾಕ್ಟರ್ ಬಂತು. ಯುದ್ಧಕ್ಕೆ ಮುಂಚೆ 50 ಸಾವಿರಕ್ಕೆ ತುಸು ಮೇಲಿದ್ದ ಟ್ರಾಕ್ಟರುಗಳು 1946ರ ಹೊತ್ತಿಗೆ ಸುಮಾರು 2 ಲಕ್ಷವಾದುವು. ಸರ್ಕಾರ ಜಿಲ್ಲೆಗೊಂದರಂತೆ ನೇಮಿಸಿದ ಕೃಷಿ ಸಮಿತಿಗಳು ತಾವೇ ಯಂತ್ರಗಳನ್ನಿಟ್ಟುಕೊಂಡು, ಸ್ವಂತ ಟ್ರಾಕ್ಟರಿಲ್ಲದ ರೈತನ ಹೊಲವನ್ನೂ ಉತ್ತುಕೊಟ್ಟುವು. ಸರಿಯಾಗಿ ಸಾಗುವಳಿ ಮಾಡದವನ ಜಮೀನನ್ನು ವಶಪಡಿಸಿಕೊಳ್ಳುವ ಅಧಿಕಾರವೂ ಅವಕ್ಕಿತ್ತು. ಖಾಸಗಿ ಆಸ್ತಿಯ ಮಹಿಮೆಯನ್ನು ಮೂರು ಹೊತ್ತೂ ಜಪಿಸುವ ದೇಶದಲ್ಲಿ, ಹಸಿವಿನ ಭಯ ಹುಟ್ಟಿದೊಡನೆ ಇದೆಲ್ಲ ಸಾಧ್ಯವಾಯಿತೆಂಬುದನ್ನು ವಾಚಕರು ಗಮನಿಸಬೇಕು.

ಟ್ರಾಕ್ಟರ್ ಇದ್ದರೆ ಸಾಕೆ? ಆಳು ಬೇಕು. ಮೊದಲನೆಯ ಮಹಾಯುದ್ಧದಲ್ಲಿ ಕಟ್ಟಿ, ಆಮೇಲೆ ಚದುರಿಸಿದ್ದ ಮಹಿಳಾ ಭೂಸೇನೆಯನ್ನು 1939ರ ಜೂನಿನಲ್ಲಿ ಮತ್ತೆ ಕಟ್ಟಿದರು. ಅಂಗಡಿ, ಕಚೇರಿ, ಗಿರಣಿಗಳಲ್ಲಿದ್ದ ಪಟ್ಟಣದ ಹುಡುಗಿಯರು ಹಾಲು ಕರೆದರು, ಗೊಬ್ಬರ ಹರವಿದರು, ಇಲಿ ಹಿಡಿದರು, ಕೊರೆಯುವ ಚಳಿಯಲ್ಲಿ ಗಡ್ಡೆ ಕಿತ್ತರು, ಟ್ರಾಕ್ಟರನ್ನೂ ಓಡಿಸಿದರು. ಹೆಂಗಸರ ಕೈಲಿ ಇದಾಗದೆಂದು ಮೂಗು ಮುರಿದಿದ್ದ ರೈತರೆಷ್ಟೋ ಮಂದಿ ಬಳಿಕ ಅವರನ್ನು ಬಿಡಲೊಲ್ಲದಾದರು. ಭೂಸೇನೆಯ ಸಂಖ್ಯೆ ಒಂದು ಹಂತದಲ್ಲಿ 80 ಸಾವಿರ ದಾಟಿತು.

ಕೂಲಿಯೆಷ್ಟು? ಆರಂಭದಲ್ಲಿ ವಾರಕ್ಕೆ 28 ಷಿಲಿಂಗ್. ಊಟ ವಸತಿಯ ಖರ್ಚನ್ನು ಅದರಲ್ಲೇ ಮುರಿದುಕೊಳ್ಳುತ್ತಿದ್ದರು. ಗಂಡಾಳಿಗೆ ಸುಮಾರು 38. ಓಡಿಸುವವರು ಹೆಣ್ಣೆಂದು ಟ್ರಾಕ್ಟರ್ ಕಡಿಮೆ ಎಣ್ಣೆ ಕುಡಿಯಲಿಲ್ಲ, ಕಡಿಮೆ ನೆಲ ಉಳಲೂ ಇಲ್ಲ. ಕೂಲಿ ಮಾತ್ರ ಕಡಿಮೆಯಾಯಿತು! ನಾಟಿ, ಕಳೆಯ ಕೂಲಿಯಲ್ಲಿ ಇದೇ ಲೆಕ್ಕವನ್ನು ಕಂಡುಂಡ ನಮ್ಮ ಹೆಣ್ಣುಮಕ್ಕಳಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಯುದ್ಧ ಮುಗಿಯುತ್ತ ಬಂದಾಗ, ಸೈನ್ಯದವರಿಗೆ ಕೊಡುವ ಯುದ್ಧೋತ್ತರ ಸವಲತ್ತುಗಳು ಭೂಸೇನೆಗೆ ಸಲ್ಲವೆಂದು ಸರ್ಕಾರ ಹೇಳಿತು. ಇದನ್ನು ಪ್ರತಿಭಟಿಸಿ 1945ರ ಫೆಬ್ರವರಿಯಲ್ಲಿ ಅದರ ಮುಖ್ಯಸ್ಥೆ ಲೇಡಿ ಡೆನ್ಮನ್ ರಾಜೀನಾಮೆ ಕೊಟ್ಟರು. ಆಕೆ ಸಿರಿವಂತರ ಮನೆಯವರು, ಕೂಲಿಯವರಲ್ಲ; ಆದರೂ ಕುರ್ಚಿ ಬಿಟ್ಟು ಎದ್ದರಲ್ಲ, ಅದಕ್ಕೆ ನಮ್ಮ ನಮಸ್ಕಾರ. ಅವರು ಎದ್ದರೂ ಸೈನ್ಯದವರಿಗೆ ಸಮನಾದ ಸವಲತ್ತು ಭೂಸೇನೆಗೆ ಸಿಗಲಿಲ್ಲ. 1950ರಲ್ಲಿ ಭೂಸೇನೆಯನ್ನು ಬರಖಾಸ್ತು ಮಾಡಿದರು. ಬದುಕುಳಿದವರಿಗೆ ಗೌರವದ ಬಿಲ್ಲೆ ಕೊಟ್ಟದ್ದು 2008ರಲ್ಲಿ. ಅಷ್ಟು ಹೊತ್ತಿಗೆ ಅವರಲ್ಲಿ ಕಿರಿಯರಿಗೂ ಎಂಬತ್ತರ ಆಸುಪಾಸು.