ಒಡಹುಟ್ಟಿದವರನ್ನೂ ತೋರಿಸಿ

ಚೆನ್ನಾಗಿ ಬರೆಯುತ್ತಿದ್ದ ಹುಡುಗನ ಕೈ ನಡುಗಿದರೆ, ಮಾತು ತೊದಲಿದರೆ, ಸುಮ್ಮಸುಮ್ಮನೆ ಸಿಟ್ಟು ಬಂದರೆ ನಮ್ಮವರಿಗೆ ಮೊದಲು ನೆನಪಾಗುವುದು ತಾಯಿತ. ನಮ್ಮಂಥ ಉಸ್ತಾದರ ಬಳಿಗೇ ಕರೆತರುತ್ತಾರೆ. ದುಆ ಮಾಡೋಣ. ಆದರೆ ಇದು ವಿಲ್ಸನ್ ಕಾಯಿಲೆಯೂ ಇರಬಹುದು, ನರರೋಗ ತಜ್ಞರಿಗೆ ತೋರಿಸಿ ಅಂತ ಹೇಳಬೇಕಾದವರೂ ನಾವೇ.

ಹೆಚ್ಚಾದ ತಾಮ್ರವನ್ನು ಹೊರಹಾಕಲು ಯಕೃತ್ತಿಗೆ ಆಗದೆ ಅದು ಮಿದುಳಲ್ಲಿ, ಕಣ್ಣಲ್ಲಿ ಕೂರುತ್ತದೆ. ರೋಗ ಅಪರೂಪದ್ದು, ಆದರೆ ಮದ್ದು ಇದೆ. ಪೆನಿಸಿಲಮಿನ್, ಸತುವಿನ ಮಾತ್ರೆ, ಜೀವನವಿಡೀ ಬಿಡುವಂತಿಲ್ಲ. ತಂದೆ ತಾಯಿ ಇಬ್ಬರಿಂದಲೂ ದೋಷ ಬಂದಾಗ ಮಾತ್ರ ಇದು ಕಾಣಿಸುವುದರಿಂದ ಪ್ರತಿ ಒಡಹುಟ್ಟಿಗೂ ನಾಲ್ಕರಲ್ಲಿ ಒಂದು ಅಪಾಯ. ರಕ್ತದ ಸೆರುಲೋಪ್ಲಾಸ್ಮಿನ್, ಮೂತ್ರದ ತಾಮ್ರ, ಕಣ್ಣಿನ ಪರೀಕ್ಷೆ ಮಾಡಿಸಿದರೆ ಲಕ್ಷಣ ಕಾಣುವ ಮೊದಲೇ ಹಿಡಿಯಬಹುದು. ಮಾವನ ಮಗಳನ್ನು ತರುವ ಮನೆಗಳು ಇದನ್ನು ಇನ್ನಷ್ಟು ಗಮನಿಸಬೇಕು, ಬೇಸರ ಬೇಡ.

ಬೆಂಗಳೂರಿನ ನಿಮ್ಹಾನ್ಸ್ ಮೂರು ದಶಕಗಳಲ್ಲಿ ನೋಡಿದ 282 ವಿಲ್ಸನ್ ರೋಗಿಗಳ ವಿವರವನ್ನು 2007ರಲ್ಲೇ ಪ್ರಕಟಿಸಿತು. ಅಪರೂಪದ ರೋಗಗಳ ಕುಟುಂಬಗಳನ್ನು ಒಟ್ಟುಗೂಡಿಸುವ ಒಆರ್‌ಡಿಐ ಸಂಸ್ಥೆಯೂ ಅಲ್ಲೇ ಇದೆ. ಮಂಗಳೂರಿನವರಿಗೆ ಬಸ್ಸು ಸಲೀಸು. ಅಥಣಿ ತಾಲೂಕಿನ ಸತ್ತಿಯ ತಾಯಿಯೊಬ್ಬಳು ಮಗುವನ್ನು ಎತ್ತಿಕೊಂಡು ಕೃಷ್ಣೆ ದಾಟಿ ಕುಡಚಿಗೆ ಬಂದು ರಾಣಿ ಚನ್ನಮ್ಮ ರೈಲು ಹತ್ತಬೇಕು. ಒಂದು ಸಲವಲ್ಲ, ವರ್ಷವರ್ಷವೂ. ಮದ್ದು ನಿಲ್ಲುವುದು ಹೆಚ್ಚಾಗಿ ಇಂಥ ದಾರಿಯಲ್ಲೇ. ಮದುವೆಗೆ ನೆರವು ಎತ್ತುವ ಜಮಾಅತ್‌ಗಳು ಇಂಥ ಒಂದು ಮನೆಯ ರೈಲು ಚಾರ್ಜು, ಎರಡು ದಿನದ ರೂಮಿನ ಬಾಡಿಗೆ, ಜೊತೆಗೆ ಹೋಗುವ ಒಬ್ಬ ಹುಡುಗನನ್ನು ವಹಿಸಿಕೊಳ್ಳಲಿ. ಈ ತಿಂಗಳ ಸಭೆಯಲ್ಲೇ ಮಾತಾಡಿ.